ಹವಾಯಿಯ ನಾಲ್ಕು ಕೌಂಟಿಗಳು: ಬೆಳೆಯ ಬೆಲೆ, ನೆಲದ ಬೆಲೆ, ಮನೆಯ ಬೆಲೆ

ನಮ್ಮ ಸಂಘದ ಗೊಬ್ಬರದ ಗೋದಾಮಿಗೆ ಬರುವ ಸದಸ್ಯರು ಹಿಂದೆಲ್ಲ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದರು. ಪಾರ್ಚ್‌ಮೆಂಟಿಗೆ ಏನು ಧಾರಣೆ ಎಂಬುದು ಒಂದು, ರಾಶಿ ಅಡಿಕೆಗೆ ಏನು ಧಾರಣೆ ಎಂಬುದು ಇನ್ನೊಂದು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: "ನಮ್ಮ ಕಡೆ ಎಕರೆಗೆ ಈಗ ಎಷ್ಟು ನಡೆಯುತ್ತಿದೆ?" ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆಸ್ತಿಯ ಬೆಲೆ ತಿಳಿದಿರುವುದು ಎಲ್ಲರಿಗೂ ಒಳ್ಳೆಯದೇ. ಆದರೆ ಬೆಳೆಯ ಧಾರಣೆ ಏರಿದಾಗ ಬೆಳೆಗಾರನ ಕೈಗೆ ಹಣ ಬರುತ್ತದೆ, ನೆಲದ ಧಾರಣೆ ಏರಿದಾಗ ನೆಲ ಕೈಬಿಟ್ಟವನಿಗೆ ಮಾತ್ರ ಹಣ ಬರುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆ, ನೆನಪಿಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ತೋರಿಸಲು ಕಾಫಿ ಬೆಳೆಯುವ ಇನ್ನೊಂದು ನಾಡಿನ ಕಥೆಯನ್ನು ಸದಸ್ಯರ ಮುಂದಿಡಬಯಸುತ್ತೇವೆ. ಅದು ಅಮೆರಿಕದ ಹವಾಯಿ ರಾಜ್ಯ.

ಪುಟ್ಟ ರಾಜ್ಯ, ನಾಲ್ಕು ಆಡಳಿತ

ಹವಾಯಿ ಶಾಂತಸಾಗರದ ನಡುವಿನ ದ್ವೀಪಗಳ ಸಮೂಹ. 1959ರಲ್ಲಿ ಅದು ಅಮೆರಿಕದ 50ನೆಯ ರಾಜ್ಯವಾಯಿತು. ಅದರ ನೆಲವೆಲ್ಲ ಸೇರಿದರೆ ಸುಮಾರು 16,600 ಚದರ ಕಿಲೋಮೀಟರು. ನಮ್ಮ ಕೊಡಗು, ಹಾಸನ, ಚಿಕ್ಕಮಗಳೂರು ಮೂರು ಜಿಲ್ಲೆಗಳನ್ನು ಕೂಡಿಸಿದರೆ ಅದಕ್ಕಿಂತ ತುಸು ಹೆಚ್ಚೇ ಆಗುತ್ತದೆ. 2020ರ ಜನಗಣತಿಯಂತೆ ಜನಸಂಖ್ಯೆ 14,55,271.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ ಎಂದು ತಿಳಿದರೆ ಸಾಕು. ಆದರೆ ಅಲ್ಲಿ ಜಿಲ್ಲಾಧಿಕಾರಿಯ ಬದಲು ಚುನಾಯಿತ ಮೇಯರ್ ಮತ್ತು ಕೌಂಟಿ ಸಭೆ ಇರುತ್ತವೆ. ಹವಾಯಿಯಲ್ಲಿ ಕೌಂಟಿಯ ಕೆಳಗೆ ಪುರಸಭೆಯಾಗಲಿ ಪಂಚಾಯಿತಿಯಾಗಲಿ ಇಲ್ಲ. ಮನೆ ಕಟ್ಟಲು ಅನುಮತಿ ಕೊಡುವುದು, ಆಸ್ತಿ ತೆರಿಗೆ ಹಾಕುವುದು ಎಲ್ಲವೂ ಕೌಂಟಿಯ ಕೆಲಸ. ಓವಾಹು ದ್ವೀಪದ ಹೊನೊಲುಲು ಕೌಂಟಿಯಲ್ಲಿ 10 ಲಕ್ಷಕ್ಕೂ ಮೇಲ್ಪಟ್ಟು ಜನ ಇದ್ದಾರೆ. ದೊಡ್ಡ ದ್ವೀಪವಾದ ಹವಾಯಿ ಕೌಂಟಿಯಲ್ಲಿ ಸುಮಾರು 2 ಲಕ್ಷ, ಮಾವಿ ಕೌಂಟಿಯಲ್ಲಿ ಸುಮಾರು 1,65,000, ಕವಾಯಿಯಲ್ಲಿ ಸುಮಾರು 73,000. ಇವಲ್ಲದೆ ಕಲವಾವೊ ಎಂಬ ಐದನೆಯದೊಂದು ಉಂಟು. ಹಿಂದೆ ಕುಷ್ಠರೋಗಿಗಳನ್ನು ಬೇರ್ಪಡಿಸಿ ಇಟ್ಟಿದ್ದ ಜಾಗ ಅದು. 2020ರಲ್ಲಿ ಅಲ್ಲಿದ್ದವರು 82 ಜನ. ಅದಕ್ಕೆ ಮೇಯರಾಗಲಿ ಸಭೆಯಾಗಲಿ ಇಲ್ಲದ್ದರಿಂದ ನಮ್ಮ ಲೆಕ್ಕಕ್ಕೆ ನಾಲ್ಕೇ ಕೌಂಟಿಗಳು.

ಕಬ್ಬು ಹೋಗಿ ಪ್ರವಾಸಿ ಬಂದದ್ದು

ನೂರು ವರ್ಷಕ್ಕೂ ಹೆಚ್ಚು ಕಾಲ ಹವಾಯಿಯ ಅರ್ಥವ್ಯವಸ್ಥೆ ನಿಂತಿದ್ದು ತೋಟದ ಬೆಳೆಗಳ ಮೇಲೆ. 1835ರಲ್ಲಿ ಕವಾಯಿ ದ್ವೀಪದ ಕೊಲೊವಾದಲ್ಲಿ ಕಬ್ಬಿನ ತೋಟ ಆರಂಭವಾಯಿತು. 1848ರ ಭೂಮಿ ವಿಭಜನೆಯ ನಂತರ ರಾಜ್ಯದ ನೆಲ ಖಾಸಗಿ ಸ್ವತ್ತಾಗಿ, ಕಾಲಕ್ರಮದಲ್ಲಿ ಕೆಲವೇ ಒಡೆತನಗಳಲ್ಲಿ ಕೂಡಿಕೊಂಡಿತು. 1960ರ ದಶಕದಲ್ಲಿ ಅಲ್ಲಿನ ಶಾಸನಸಭೆ ಲೆಕ್ಕ ಹಾಕಿದಾಗ ಕಂಡುಬಂದದ್ದು ಇದು: ನೆಲದಲ್ಲಿ ಶೇಕಡಾ 49ರಷ್ಟು ಸರ್ಕಾರಗಳ ಕೈಯಲ್ಲಿತ್ತು, ಶೇಕಡಾ 47ರಷ್ಟು ಕೇವಲ 72 ಖಾಸಗಿ ಒಡೆಯರ ಕೈಯಲ್ಲಿತ್ತು. ಉಳಿದ ಲಕ್ಷಾಂತರ ಜನರಿಗೆ ಶೇಕಡಾ ನಾಲ್ಕು! ಮನೆ ಕಟ್ಟಿಕೊಂಡವರು ಕೂಡ ಕೆಳಗಿನ ನೆಲಕ್ಕೆ ಗೇಣಿ ಕೊಡುತ್ತಿದ್ದರು. ಆದುದರಿಂದ 1967ರಲ್ಲಿ ಒಂದು ಭೂಸುಧಾರಣಾ ಕಾಯ್ದೆ ಬಂದಿತು. ಗುತ್ತಿಗೆ ನಿವೇಶನದಲ್ಲಿ ಮನೆ ಕಟ್ಟಿಕೊಂಡವರು ಆ ನೆಲವನ್ನು ಕೊಂಡುಕೊಳ್ಳಲು ಅದು ದಾರಿ ಮಾಡಿತು. ಒಡೆಯರು ನ್ಯಾಯಾಲಯಕ್ಕೆ ಹೋದರು. 1984ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು.

ಇಷ್ಟರಲ್ಲಿ ಜೆಟ್ ವಿಮಾನ ಬಂದಿತ್ತು. ಬೇರೆ ದೇಶಗಳ ಅಗ್ಗದ ಸಕ್ಕರೆಯೊಡನೆ ಸ್ಪರ್ಧಿಸಲಾರದೆ ಕಬ್ಬಿನ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಮಾಕುವಾದಲ್ಲಿ 1994ರಲ್ಲಿ, ಕಾವು ಪ್ರದೇಶದಲ್ಲಿ 1996ರಲ್ಲಿ, ಕೊನೆಯದಾಗಿ ಮಾವಿಯಲ್ಲಿ 2016ರಲ್ಲಿ ಕಬ್ಬು ನಿಂತಿತು. ಲಾನಾಯಿ ದ್ವೀಪದ ಅನಾನಸ್ 1992ರಲ್ಲೇ ಮುಗಿದಿತ್ತು. ಕಬ್ಬಿನ ಜಾಗಕ್ಕೆ ಹೋಟೆಲು ಬಂದಿತು. 2019ರಲ್ಲಿ ಹವಾಯಿಗೆ ಬಂದ ಪ್ರವಾಸಿಗಳು ಒಂದು ಕೋಟಿಗೂ ಹೆಚ್ಚು. ಎಂದರೆ ಊರಿನ ಜನಕ್ಕಿಂತ ಏಳು ಪಾಲು! ಮರುವರ್ಷ ಕೋವಿಡ್ ಬಂದಾಗ ಅದೇ ಸಂಖ್ಯೆ 27 ಲಕ್ಷಕ್ಕೆ ಇಳಿಯಿತು. 2020ರ ಏಪ್ರಿಲ್‌ನಲ್ಲಿ ದುಡಿಯುವವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿ ಕೆಲಸವಿಲ್ಲದೆ ಕೂತರು. ಒಂದೇ ಬೆಳೆಯನ್ನು ನಂಬಿದ ತೋಟಕ್ಕೆ ರೋಗ ಬಿದ್ದಾಗ ಆಗುವುದು ಇದೇ ಅಲ್ಲವೆ?

ಮಧ್ಯಾಂಕ ಬೆಲೆ ಎಂದರೇನು

ಮುಂದೆ ಹೋಗುವ ಮುನ್ನ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮನೆಗಳ ಬೆಲೆಯನ್ನು ಅಲ್ಲಿ ಸರಾಸರಿಯಿಂದ ಹೇಳದೆ ಮಧ್ಯಾಂಕದಿಂದ ಹೇಳುತ್ತಾರೆ. ಒಂದು ತಿಂಗಳಲ್ಲಿ 101 ಮನೆಗಳು ಮಾರಾಟವಾದರೆ ಅವನ್ನು ಬೆಲೆಯ ಏರಿಕೆಯಂತೆ ಸಾಲಾಗಿ ನಿಲ್ಲಿಸಿ, ನಡುವಿನ 51ನೆಯ ಮನೆಯ ಬೆಲೆಯನ್ನು ನೋಡುತ್ತಾರೆ. ಒಬ್ಬ ಕುಬೇರ ನೂರು ಕೋಟಿಯ ಬಂಗಲೆ ಕೊಂಡರೂ ಈ ಲೆಕ್ಕ ಕೆಡುವುದಿಲ್ಲ. ಸಾಧಾರಣ ಸಂಸಾರ ಕೊಳ್ಳುವ ಮನೆಗೆ ಏನು ಬೆಲೆ ಎಂಬುದು ಅದರಿಂದ ತಿಳಿಯುತ್ತದೆ.

ಓವಾಹು ದ್ವೀಪದಲ್ಲಿ 1990ರ ಸುಮಾರಿಗೆ ಒಂಟಿ ಮನೆಯ ಮಧ್ಯಾಂಕ ಬೆಲೆ ಮೂರೂವರೆ ಲಕ್ಷ ಡಾಲರಿನಷ್ಟಿತ್ತು. ಅದಕ್ಕೆ ಹಿಂದಿನ ಕೆಲವೇ ವರ್ಷಗಳಲ್ಲಿ ಜಪಾನಿನ ಹಣ ಹರಿದುಬಂದು ಬೆಲೆ ಇಮ್ಮಡಿಯಾಗಿತ್ತು. ಜಪಾನಿನ ಉಬ್ಬರ ಇಳಿದ ಮೇಲೆ ಇಲ್ಲಿಯೂ ಇಳಿಯಿತು. 1999ರಲ್ಲಿ ಮೂರು ಲಕ್ಷಕ್ಕೂ ಕೆಳಗಿತ್ತು. ನೆಲದ ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ ಎಂದು ನಂಬಿದವರು ಈ ಹತ್ತು ವರ್ಷಗಳನ್ನು ನೆನಪಿಡಬೇಕು. ಸಾಲ ಮಾಡಿ ತುದಿಯಲ್ಲಿ ಕೊಂಡವರು ಆ ಹತ್ತು ವರ್ಷವೂ ಇಳಿದ ಸ್ವತ್ತಿಗೆ ಏರಿದ ಕಂತು ಕಟ್ಟಿದರು. ಆಮೇಲೆ ಮತ್ತೆ ಏರತೊಡಗಿ 2021ರಲ್ಲಿ ಮೊದಲ ಬಾರಿಗೆ ತಿಂಗಳ ಮಧ್ಯಾಂಕ 10 ಲಕ್ಷ ಡಾಲರನ್ನು ದಾಟಿತು. ನಮ್ಮ ಹಣದಲ್ಲಿ ಎಂಟು ಕೋಟಿ ರೂಪಾಯಿಗೂ ಮೇಲೆ.

ಒಂದೊಂದು ಕೌಂಟಿಯ ಕಥೆ

ಹೊನೊಲುಲು: ರಾಜಧಾನಿ, ಬಂದರು, ಪರ್ಲ್ ಹಾರ್ಬರಿನ ಸೇನಾನೆಲೆ, ವಿಶ್ವವಿದ್ಯಾನಿಲಯ, ವೈಕೀಕಿಯ ಹೋಟೆಲುಗಳು ಎಲ್ಲವೂ ಇಲ್ಲೇ. ಉದ್ಯೋಗ ಬಗೆಬಗೆಯದಾಗಿರುವುದರಿಂದ ನಾಲ್ಕು ಕೌಂಟಿಗಳಲ್ಲಿ ಇದರ ಸಂಪಾದನೆಯೇ ಗಟ್ಟಿ. ಸಂಸಾರದ ಮಧ್ಯಾಂಕ ವರಮಾನ ವರ್ಷಕ್ಕೆ ಒಂದು ಲಕ್ಷ ಡಾಲರಿನ ಆಸುಪಾಸು. ಊರು ಬೆಳೆದ ಹಾಗೆ ತೋಟದ ಮೇಲೆ ಹರಡಿತು. ಮಿಲಿಲಾನಿ ಎಂಬ ಪಟ್ಟಣ 1968ರಿಂದ ಅನಾನಸ್ ನೆಲದಲ್ಲಿ ಬೆಳೆದದ್ದು. ಕಪೊಲೆಯಿ ಎಂಬ ಎರಡನೆಯ ನಗರ ಏವಾದ ಕಬ್ಬಿನ ಬಯಲಿನಲ್ಲಿ ಬೆಳೆದದ್ದು. 2023ರ ಜೂನ್‌ನಲ್ಲಿ ಕಪೊಲೆಯಿಯ ಕಡೆಯಿಂದ ಮೇಲುಸೇತುವೆಯ ರೈಲು ಓಡಲಾರಂಭಿಸಿತು. ಒಂಟಿ ಮನೆ ಕೊಳ್ಳಲಾಗದವರು ಇಲ್ಲಿ ಬಹುಮಹಡಿಯ ವಸತಿಯಲ್ಲಿ ಇರುತ್ತಾರೆ. ಅದರ ಬೆಲೆ ಒಂಟಿ ಮನೆಯ ಅರ್ಧದಷ್ಟು.

ಮಾವಿ: ಈ ಕೌಂಟಿಯಲ್ಲಿ ಮಾವಿ, ಮೊಲೊಕಾಯಿ, ಲಾನಾಯಿ ದ್ವೀಪಗಳಿವೆ. ಲಾನಾಯಿಯ ನೂರಕ್ಕೆ 98 ಪಾಲನ್ನು 2012ರಲ್ಲಿ ಒಬ್ಬರೇ ಸಿರಿವಂತರು, ಲ್ಯಾರಿ ಎಲಿಸನ್, ಕೊಂಡುಕೊಂಡರು. ಇಡೀ ದ್ವೀಪದ ಜನಕ್ಕೆ ಕೆಲಸ ಕೊಡುವವರೂ ಹೆಚ್ಚಿನ ಮನೆಗಳ ಮಾಲೀಕರೂ ಒಬ್ಬರೇ ಆದಂತಾಯಿತು. ಮಾವಿಯಲ್ಲಿ ಕಬ್ಬು ನಿಂತ ಮೇಲೆ ಅದರ ಸುಮಾರು 41,000 ಎಕರೆ ನೆಲವನ್ನು 2018ರಲ್ಲಿ ಒಂದು ಕೃಷಿ ಕಂಪನಿ 26 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ದ್ವೀಪದ ಪಶ್ಚಿಮದಲ್ಲಿ ಉಳುಮೆ ನಿಂತ ಹಳೆಯ ತೋಟದ ಇಳಿಜಾರುಗಳಲ್ಲಿ ಆಳೆತ್ತರ ಹುಲ್ಲು ಬೆಳೆದು ಒಣಗಿತ್ತು. 2023ರ ಆಗಸ್ಟ್ 8ರಂದು ಬಿರುಗಾಳಿಯಲ್ಲಿ ಹತ್ತಿದ ಬೆಂಕಿ ಲಹೈನಾ ಪಟ್ಟಣವನ್ನು ಸುಟ್ಟಿತು. ನೂರಕ್ಕೂ ಹೆಚ್ಚು ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಹೋದವು. ಮೊದಲೇ ಮನೆ ಸಾಲದ ಊರಿನಲ್ಲಿ ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ಅದೇ ಕಾಲದಲ್ಲಿ ಸಾವಿರಾರು ವಸತಿಗಳು ಪ್ರವಾಸಿಗಳಿಗೆ ದಿನಬಾಡಿಗೆಗೆ ಮೀಸಲಾಗಿದ್ದವು. ಜನರ ಕೋಪ ಇದರ ಮೇಲೆ ತಿರುಗಿತು. 2024ರಲ್ಲಿ ಇಂಥ ದಿನಬಾಡಿಗೆಯನ್ನು ಹಂತಹಂತವಾಗಿ ನಿಲ್ಲಿಸುವ ಅಧಿಕಾರವನ್ನು ರಾಜ್ಯವು ಕೌಂಟಿಗಳಿಗೆ ಸ್ಪಷ್ಟವಾಗಿ ಕೊಟ್ಟಿತು.

ಕವಾಯಿ: ಚಿಕ್ಕ ಕೌಂಟಿ, ಹಸಿರು ದ್ವೀಪ. 1992ರ ಸೆಪ್ಟೆಂಬರಿನಲ್ಲಿ ಇನಿಕಿ ಎಂಬ ಚಂಡಮಾರುತ ಸಾವಿರಾರು ಮನೆಗಳನ್ನು ಕೆಡವಿತ್ತು. ತೆಂಗಿನ ಮರಕ್ಕಿಂತ ಎತ್ತರದ ಕಟ್ಟಡ ಬೇಡ ಎಂಬುದು ಇಲ್ಲಿನವರ ಮಾತು. ಕೌಂಟಿಯ ನಿಯಮವೂ ಅದಕ್ಕೆ ತಕ್ಕಂತೆಯೇ ಇದೆ. ನೋಟಕ್ಕೆ ಇದು ಚೆಂದ. ಆದರೆ ಕಟ್ಟುವ ಮನೆಗಳ ಸಂಖ್ಯೆ ಕಡಿಮೆಯಾಗಿ ಇದ್ದ ಮನೆಗಳ ಬೆಲೆ ಏರುತ್ತದೆ. ಇಲ್ಲಿಯೂ ಮಧ್ಯಾಂಕ ಬೆಲೆ 10 ಲಕ್ಷ ಡಾಲರನ್ನು ದಾಟಿದೆ. ಕಾಫಿ ಬೆಳೆಗಾರರಿಗೆ ಈ ದ್ವೀಪ ಇನ್ನೊಂದು ಕಾರಣಕ್ಕೆ ಪರಿಚಿತ. 1987ರಿಂದ ಇಲ್ಲಿನ ಕಬ್ಬಿನ ಕಂಪನಿಯೊಂದು ತನ್ನ ನೆಲದಲ್ಲಿ ಕಾಫಿ ನೆಡತೊಡಗಿ, ಯಂತ್ರದಿಂದ ಕೊಯ್ಯುವ ಸುಮಾರು 3,100 ಎಕರೆಯ ತೋಟ ಎಬ್ಬಿಸಿತು.

ಹವಾಯಿ ಕೌಂಟಿ: ದೊಡ್ಡ ದ್ವೀಪ, ಉಳಿದ ದ್ವೀಪಗಳನ್ನೆಲ್ಲ ಕೂಡಿಸಿದರೂ ಇದರಷ್ಟಾಗುವುದಿಲ್ಲ. ಇಲ್ಲಿನ ಸಂಸಾರದ ವರಮಾನ ನಾಲ್ಕು ಕೌಂಟಿಗಳಲ್ಲಿ ಕಡಿಮೆ, ವರ್ಷಕ್ಕೆ 75,000 ಡಾಲರಿನ ಆಸುಪಾಸು. ಮನೆಯ ಮಧ್ಯಾಂಕ ಬೆಲೆಯೂ ಕಡಿಮೆ, ಓವಾಹುವಿನ ಅರ್ಧದಷ್ಟು. ಆದರೆ ಒಂದೇ ಕೌಂಟಿಯೊಳಗೆ ಎರಡು ಲೋಕಗಳಿವೆ. ಪೂರ್ವಕ್ಕೆ ಪೂನಾ ಎಂಬ ಸೀಮೆ. 1950, 60ರ ದಶಕಗಳಲ್ಲಿ ಅಲ್ಲಿ ಲಾವಾ ಕಲ್ಲಿನ ಮೇಲೆ ಸಾವಿರಾರು ನಿವೇಶನಗಳನ್ನು ಕೊಯ್ದು, ನೀರು ರಸ್ತೆಗಳ ಚಿಂತೆಯಿಲ್ಲದೆ, ಅಗ್ಗಕ್ಕೆ ಮಾರಿದರು. ಬಡವರು ಅಲ್ಲಿ ಮನೆ ಕಟ್ಟಿಕೊಂಡರು. 2018ರಲ್ಲಿ ಕಿಲವೇಯ ಜ್ವಾಲಾಮುಖಿ ಉಕ್ಕಿ ಸುಮಾರು 700 ಮನೆಗಳನ್ನು ನುಂಗಿತು. ಪಶ್ಚಿಮಕ್ಕೆ ಕೊಹಾಲಾ ಮತ್ತು ಕೋನಾ. 1965ರಲ್ಲಿ ಮೊದಲ ಐಷಾರಾಮಿ ಹೋಟೆಲು ಬಂದಂದಿನಿಂದ ಆ ಕಡಲತಡಿ ಸಿರಿವಂತರ ಸೀಮೆಯಾಯಿತು. ಪೂನಾದ ಜನ ಬೆಳಕು ಹರಿಯುವ ಮುಂಚೆ ಎದ್ದು, ಗಂಟೆಗಟ್ಟಲೆ ವಾಹನದಲ್ಲಿ ಕೂತು, ಪಶ್ಚಿಮದ ಹೋಟೆಲುಗಳಲ್ಲಿ ಹಾಸಿಗೆ ಹಾಸಲು ಹೋಗುತ್ತಾರೆ.

ಬೆಲೆ ಏರಲು ಕಾರಣಗಳು

ಕಾರಣ ಒಂದಲ್ಲ. ಮೊದಲನೆಯದಾಗಿ, 1961ರ ಭೂಬಳಕೆ ಕಾಯ್ದೆಯಂತೆ ರಾಜ್ಯದ ನೆಲವನ್ನೆಲ್ಲ ವಲಯಗಳಾಗಿ ವಿಂಗಡಿಸಲಾಗಿದೆ. ನಗರ ವಲಯಕ್ಕೆ ಸಿಕ್ಕಿದ್ದು ಶೇಕಡಾ ಐದರಷ್ಟು ಮಾತ್ರ. ಉಳಿದದ್ದು ಬಹುಪಾಲು ಕೃಷಿ ಮತ್ತು ಸಂರಕ್ಷಣೆಯ ವಲಯ. ಎರಡನೆಯದಾಗಿ, ಸಿಮೆಂಟು, ಕಬ್ಬಿಣ, ಮರ ಎಲ್ಲವೂ ಹಡಗಿನಲ್ಲಿ ಬರಬೇಕು. ಅಮೆರಿಕದ ಎರಡು ಬಂದರುಗಳ ನಡುವೆ ಅಮೆರಿಕದಲ್ಲೇ ಕಟ್ಟಿದ ಹಡಗೇ ಓಡಬೇಕೆಂಬ 1920ರ ಕಾಯ್ದೆಯಿಂದ ಸಾಗಣೆ ದುಬಾರಿ. ಮೂರನೆಯದಾಗಿ, ಕಟ್ಟಲು ಅನುಮತಿ ಸಿಗುವುದು ತಡ. ನಾಲ್ಕನೆಯದಾಗಿ, ಕೊಳ್ಳುವವರಲ್ಲಿ ಬಹಳ ಮಂದಿ ಅಲ್ಲಿ ದುಡಿಯುವವರಲ್ಲ. ಬೇರೆಡೆ ದುಡಿದು, ವರ್ಷಕ್ಕೆ ಕೆಲವು ವಾರ ಇರಲು ಕೊಳ್ಳುವವರು. ಆದುದರಿಂದ ಬೆಲೆ ಊರಿನ ಸಂಬಳಕ್ಕೆ ತಕ್ಕಂತೆ ಇರದೆ ಹೊರಗಿನವರ ಹಣದ ಚೀಲಕ್ಕೆ ತಕ್ಕಂತೆ ಇರುತ್ತದೆ. ಐದನೆಯದಾಗಿ, ಆಸ್ತಿ ತೆರಿಗೆ ಅಮೆರಿಕದಲ್ಲೇ ತೀರ ಕಡಿಮೆಯವುಗಳಲ್ಲಿ ಒಂದು. ಶಾಲೆಗಳ ಖರ್ಚನ್ನು ರಾಜ್ಯವೇ ಹೊರುವುದರಿಂದ ಕೌಂಟಿಗಳು ಹೆಚ್ಚು ತೆರಿಗೆ ಹಾಕಬೇಕಾಗಿಲ್ಲ. ಖಾಲಿ ಮನೆ ಇಟ್ಟುಕೊಂಡರೂ ಭಾರವಾಗುವುದಿಲ್ಲ.

ಬಡ್ಡಿಯ ಲೆಕ್ಕವನ್ನೂ ನೋಡೋಣ. 10 ಲಕ್ಷ ಡಾಲರಿನ ಮನೆಗೆ 2 ಲಕ್ಷ ಕೈಯಿಂದ ಹಾಕಿ 8 ಲಕ್ಷ ಸಾಲ ತೆಗೆದರೆ, ಶೇಕಡಾ 3ರ ಬಡ್ಡಿಯಲ್ಲಿ ಮೂವತ್ತು ವರ್ಷದ ತಿಂಗಳ ಕಂತು ಸುಮಾರು 3,370 ಡಾಲರು. 2021ರಲ್ಲಿ ಬಡ್ಡಿ ಇಷ್ಟೇ ಇತ್ತು. 2023ರ ಹೊತ್ತಿಗೆ ಅದು ಶೇಕಡಾ 7ನ್ನು ದಾಟಿತು. 7ರಂತೆ ಹಿಡಿದರೆ ಅದೇ ಸಾಲದ ಕಂತು ಸುಮಾರು 5,320 ಡಾಲರು, ವರ್ಷಕ್ಕೆ 64,000ದ ಹತ್ತಿರ. ದೊಡ್ಡ ದ್ವೀಪದ ಸಂಸಾರವೊಂದು ವರ್ಷವೆಲ್ಲ ದುಡಿದ ಹಣದಲ್ಲಿ ಉಪ್ಪು ಮೆಣಸಿಗೆ ಉಳಿಯುವುದೆಷ್ಟು? ಬಡ್ಡಿ ಏರಿದರೆ ಬೆಲೆ ಇಳಿಯಬೇಕೆಂಬುದು ಪುಸ್ತಕದ ಮಾತು. ಹವಾಯಿಯಲ್ಲಿ ವ್ಯಾಪಾರ ಇಳಿಯಿತು, ಬೆಲೆ ಅಷ್ಟಾಗಿ ಇಳಿಯಲಿಲ್ಲ. ಹಳೆಯ ಕಡಿಮೆ ಬಡ್ಡಿಯ ಸಾಲ ಇದ್ದವರು ಮನೆ ಮಾರಲು ಮುಂದೆ ಬರಲಿಲ್ಲ. ನಗದು ಇದ್ದವರಿಗೆ ಬಡ್ಡಿಯ ಚಿಂತೆಯೇ ಇರಲಿಲ್ಲ.

ಹೀಗೆ ರಾಜ್ಯದ ಉತ್ಪತ್ತಿಯ ಅಂಕಿ ಏರಿತು, ಆಸ್ತಿಗಳ ಮೌಲ್ಯ ಏರಿತು, ಜನ ಮಾತ್ರ ಹೊರಟರು. ಈಚಿನ ವರ್ಷಗಳಲ್ಲಿ ಅಮೆರಿಕದ ಬೇರೆ ರಾಜ್ಯಗಳಿಂದ ಬರುವವರಿಗಿಂತ ಅಲ್ಲಿಗೆ ಹೋಗುವವರೇ ಹೆಚ್ಚು. ಮರುಭೂಮಿಯ ಲಾಸ್ ವೇಗಸ್ ನಗರಕ್ಕೆ ಎಷ್ಟು ಮಂದಿ ಹೋಗಿ ನೆಲೆಸಿದ್ದಾರೆಂದರೆ ಅದನ್ನು ಒಂಬತ್ತನೆಯ ದ್ವೀಪವೆಂದೇ ಕರೆಯುತ್ತಾರೆ. 2020ರ ಗಣತಿಯಲ್ಲಿ ಮೂಲ ಹವಾಯಿ ಜನಾಂಗದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವಾಯಿಯ ಹೊರಗೆ ಇದ್ದಾರೆಂಬುದು ತಿಳಿದುಬಂದಿತು. ತಮ್ಮ ನಾಡಿನ ಬೆಲೆ ಏರಿದ್ದರಿಂದ ತಾವೇ ನಾಡು ಬಿಡಬೇಕಾಗಿ ಬಂದ ಜನ ಇವರು.

ಕೋನಾದ ಐದು ಎಕರೆ

ಈಗ ನಮಗೆ ಹತ್ತಿರದ ಮಾತಿಗೆ ಬರೋಣ. ಕೋನಾಕ್ಕೆ ಕಾಫಿ ಬಂದದ್ದು 1828ರಲ್ಲಿ. ಮೊದಲು ದೊಡ್ಡ ತೋಟಗಳಿದ್ದವು. 1899ರಲ್ಲಿ ಬೆಲೆ ಕುಸಿದಾಗ ದೊಡ್ಡವರು ಕೈಬಿಟ್ಟರು. ನೆಲವನ್ನು ಐದೈದು ಎಕರೆಯ ತುಂಡುಗಳಾಗಿ ಮಾಡಿ, ಕಬ್ಬಿನ ಕೂಲಿಗೆಂದು ಬಂದಿದ್ದ ಜಪಾನಿ ಸಂಸಾರಗಳಿಗೆ ಗುತ್ತಿಗೆಗೆ ಕೊಟ್ಟರು. ಮನೆಮಂದಿಯೆಲ್ಲ ದುಡಿದರು. ಮಕ್ಕಳು ಕೊಯ್ಲಿಗೆ ಸಿಗಲೆಂದು 1932ರಿಂದ 1969ರವರೆಗೆ ಅಲ್ಲಿನ ಶಾಲೆಗಳ ದೊಡ್ಡ ರಜೆಯನ್ನೇ ಕಾಫಿ ಹಣ್ಣಾಗುವ ಕಾಲಕ್ಕೆ ಬದಲಾಯಿಸಿದ್ದರು. ಇಂದಿಗೂ ಕೋನಾದ ತೋಟಗಳು ಬಹುಪಾಲು ಐದು ಎಕರೆಯ ಒಳಗಿನವು. ನಮ್ಮ ಸಣ್ಣ ಬೆಳೆಗಾರರಂತೆಯೇ ಕೈಯಲ್ಲಿ ಹಣ್ಣು ಕೊಯ್ದು, ಮನೆಯಲ್ಲೇ ಪಲ್ಪರ್ ಇಟ್ಟು, ಕಣದಲ್ಲಿ ಒಣಗಿಸುವವರು. ನಮ್ಮ ಶತ್ರುಗಳೂ ಅವರನ್ನು ಬಿಟ್ಟಿಲ್ಲ. 2010ರಲ್ಲಿ ಕಾಯಿಕೊರಕ ಕೋನಾದಲ್ಲಿ ಕಂಡಿತು. 2020ರಲ್ಲಿ ಎಲೆ ತುಕ್ಕು ರೋಗ ಹವಾಯಿಗೆ ಬಂದಿತು.

ಆದರೆ ಅವರ ಎಲ್ಲಕ್ಕಿಂತ ದೊಡ್ಡ ಕಷ್ಟ ಹುಳುವಲ್ಲ, ನೋಟ. ಕೋನಾದ ಕಾಫಿ ಬೆಳೆಯುವುದು ಬೆಟ್ಟದ ಇಳಿಜಾರಿನಲ್ಲಿ. ಗಿಡದ ಬುಡದಲ್ಲಿ ನಿಂತರೆ ಕೆಳಗೆ ನೀಲಿ ಸಮುದ್ರ ಕಾಣುತ್ತದೆ. ಆ ನೋಟಕ್ಕೆ ಹೊರಗಿನವನು ಕೊಡುವ ಹಣವನ್ನು ಐದು ಎಕರೆಯ ಕಾಫಿ ಒಂದು ತಲೆಮಾರಿನಲ್ಲೂ ದುಡಿದುಕೊಡಲಾರದು. ಹೀಗಿರುವಾಗಲೂ ಕೋನಾದಲ್ಲಿ ನೂರಾರು ಸಣ್ಣ ಬೆಳೆಗಾರರು ಉಳಿದಿದ್ದಾರೆ. ಹೇಗೆ?

ಒಂದು, ಕೃಷಿ ವಲಯದ ಕಾನೂನು. ಆ ವಲಯದಲ್ಲಿ ಕಟ್ಟುವ ಮನೆ ಬೇಸಾಯಕ್ಕೆ ಹೊಂದಿದ ಮನೆಯಾಗಿರಬೇಕು ಎಂಬುದು ಅದರ ಆಶಯ. 1990ರ ದಶಕದಲ್ಲಿ ದಕ್ಷಿಣ ಕೋನಾದಲ್ಲಿ ಹೋಕುಲಿಯ ಎಂಬ ಸುಮಾರು 1,550 ಎಕರೆಯ ಬಡಾವಣೆ ತಲೆಯೆತ್ತಿತು. ಗಾಲ್ಫ್ ಮೈದಾನ, ಸಿರಿವಂತರ ಬಂಗಲೆಗಳು, ಎಲ್ಲವೂ ಬಹುಪಾಲು ಕೃಷಿ ವಲಯದ ನೆಲದಲ್ಲಿ. ಊರಿನವರು ನ್ಯಾಯಾಲಯಕ್ಕೆ ಹೋದರು. ಇದು ಬೇಸಾಯವಲ್ಲ ಎಂದು 2003ರಲ್ಲಿ ಅಲ್ಲಿನ ನ್ಯಾಯಾಧೀಶರು ಕೆಲಸ ನಿಲ್ಲಿಸಿದರು. 2006ರಲ್ಲಿ ರಾಜಿಯಾಗಿ ಕೆಲಸ ಮುಂದುವರಿಯಿತು. ಕಾನೂನಿನ ಬಲವೂ ಅದರ ಮಿತಿಯೂ ಈ ಒಂದು ಮೊಕದ್ದಮೆಯಲ್ಲಿ ಕಾಣುತ್ತವೆ.

ಎರಡು, ತೆರಿಗೆ. ಬೇಸಾಯದಲ್ಲಿರುವ ನೆಲಕ್ಕೆ ಕೌಂಟಿ ಪೇಟೆ ಬೆಲೆಯ ಮೇಲೆ ತೆರಿಗೆ ಹಾಕದೆ ಬೇಸಾಯದ ಬೆಲೆಯ ಮೇಲೆ ಹಾಕುತ್ತದೆ. ಇದಿಲ್ಲದಿದ್ದರೆ ನೆರೆಯ ಬಂಗಲೆಯ ಬೆಲೆ ಏರಿದಾಗಲೆಲ್ಲ ಬೆಳೆಗಾರನ ತೆರಿಗೆ ಏರಿ, ಅವನು ತೋಟ ಮಾರಿಯೇ ತೆರಿಗೆ ಕಟ್ಟಬೇಕಾಗುತ್ತಿತ್ತು. ನಿಜ, ನಾಲ್ಕು ಗಿಡ ನೆಟ್ಟು ಬಂಗಲೆಗೆ ತೋಟದ ತೆರಿಗೆ ಕಟ್ಟುವ ಹೆಸರಿನ ಬೇಸಾಯಗಾರರೂ ಅಲ್ಲಿ ಇದ್ದಾರೆ. ಒಳ್ಳೆಯ ನಿಯಮಕ್ಕೂ ಕಾವಲು ಬೇಕು.

ಮೂರು, ಹೆಸರು. ಕೋನಾ ಎಂಬ ಹೆಸರಿಗೆ ಪೇಟೆಯಲ್ಲಿ ಬೆಲೆಯಿದೆ. ಆದರೆ 1991ರ ಕಾನೂನಿನಂತೆ ನೂರಕ್ಕೆ ಹತ್ತು ಪಾಲು ಕೋನಾ ಕಾಫಿ ಬೆರೆಸಿದರೂ ಪೊಟ್ಟಣದ ಮೇಲೆ ಕೋನಾ ಮಿಶ್ರಣವೆಂದು ಹಾಕಬಹುದಾಗಿತ್ತು. ಉಳಿದ ತೊಂಬತ್ತು ಪಾಲು ಎಲ್ಲಿಯದಾದರೂ ಸರಿ. ಬೆಳೆಗಾರರು ವರ್ಷಗಟ್ಟಲೆ ಹೋರಾಡಿದರು. 2024ರಲ್ಲಿ ಬಂದ ಕಾನೂನಿನಂತೆ 2027ರ ಜುಲೈಯಿಂದ ಕನಿಷ್ಠ 51 ಪಾಲು ಇರಬೇಕಾಗುತ್ತದೆ. ನೆಲದ ಬೆಲೆಯೊಡನೆ ಬೆಳೆಯ ಬೆಲೆ ಓಡಬೇಕಾದರೆ ಹೆಸರನ್ನು ಕಾಯ್ದುಕೊಳ್ಳಬೇಕೆಂಬುದನ್ನು ಅವರು ತಿಳಿದಿದ್ದಾರೆ.

ಅದೇ ದ್ವೀಪದ ಕಾವು ಪ್ರದೇಶದ ಕಥೆಯನ್ನೂ ಹೇಳಲೇಬೇಕು. 1996ರಲ್ಲಿ ಕಬ್ಬು ನಿಂತು ಕೆಲಸ ಹೋದ ಕೂಲಿಗಾರರಲ್ಲಿ ಕೆಲವರು ಅದೇ ಕಬ್ಬಿನ ನೆಲದಲ್ಲಿ ತುಂಡು ತುಂಡು ಜಮೀನು ಗುತ್ತಿಗೆ ಹಿಡಿದು ಕಾಫಿ ನೆಟ್ಟರು. ಅವರ ಕಾಫಿ ಕೆಲವೇ ವರ್ಷಗಳಲ್ಲಿ ರುಚಿಗೆ ಹೆಸರಾಯಿತು. ಆದರೆ ನೆಲ ಅವರದಲ್ಲ. ಕಾಫಿ ಹೆಸರಾದಷ್ಟೂ ಗುತ್ತಿಗೆ ಮುಗಿಯುವ ದಿನದ ಚಿಂತೆ ಅವರಿಗೆ ಹೆಚ್ಚು.

ನಮ್ಮ ಪಾಲಿನ ವಿಚಾರ

ಹವಾಯಿ ಬೇರೆ, ಮಲೆನಾಡು ಬೇರೆ ಎಂದು ಸದಸ್ಯರು ಹೇಳಬಹುದು. ಒಪ್ಪುತ್ತೇವೆ. ನಮ್ಮಲ್ಲಿ ಸಣ್ಣ ಬೆಳೆಗಾರ ಬಹುಮಟ್ಟಿಗೆ ತನ್ನ ನೆಲಕ್ಕೆ ತಾನೇ ಒಡೆಯ. ಕೋನಾದ ಗುತ್ತಿಗೆದಾರನಿಗೆ ಇಲ್ಲದ ಬಲ ಇದು. ಆದರೆ ಬಲದ ಜೊತೆಗೆ ಹೊಣೆಯೂ ಇದೆ. ಅಲ್ಲಿ 72 ಒಡೆಯರು ತೀರ್ಮಾನಿಸುತ್ತಿದ್ದುದನ್ನು ಇಲ್ಲಿ ನಾವು ಒಬ್ಬೊಬ್ಬರೂ ನಮ್ಮ ಜಗಲಿಯ ಮೇಲೆ ಕೂತು ತೀರ್ಮಾನಿಸುತ್ತೇವೆ. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ನಮ್ಮ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಕೊಳ್ಳಲು ಬರುವವರ ಸಾಲು ಉದ್ದವಾಗಿದೆ. ವಾರಾಂತ್ಯಕ್ಕೆ ಬರುವ ಅತಿಥಿಗೆ ಕೋಣೆ ಬಾಡಿಗೆ ಕೊಡುವುದರಿಂದ ಹಲವು ಸದಸ್ಯರ ಸಂಸಾರ ಕಷ್ಟದ ವರ್ಷಗಳಲ್ಲಿ ನಡೆದಿದೆ ಎಂಬುದನ್ನೂ ನಾವು ಬಲ್ಲೆವು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ.

ನಾವು ಹೇಳುವುದು ಇಷ್ಟೆ. ಎಕರೆಯ ಬೆಲೆ ಕೇಳಿದಾಗ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಆ ಬೆಲೆಗೆ ಕೊಂಡವನು ಕಾಫಿ ಅಡಿಕೆಯಿಂದ ಅದರ ಬಡ್ಡಿಯನ್ನಾದರೂ ದುಡಿಯಬಲ್ಲನೆ? ಇಲ್ಲವೆಂದಾದರೆ ಆ ನೆಲದಲ್ಲಿ ತೋಟ ಹೆಚ್ಚು ಕಾಲ ಉಳಿಯುವುದಿಲ್ಲ. ನಮ್ಮ ತೋಟಕ್ಕೆ ಹಣ್ಣು ಕೊಯ್ಯಲು, ಕೊನೆ ಇಳಿಸಲು ಬರುವವರು ಆ ಊರಿನಲ್ಲಿ ಒಂದು ಮನೆ ಕಟ್ಟಿಕೊಳ್ಳಬಲ್ಲರೆ? ಇಲ್ಲವೆಂದಾದರೆ ನಾಳೆ ಆಳು ಸಿಗಲಿಲ್ಲವೆಂದು ಗೊಣಗಿ ಫಲವಿಲ್ಲ. ಪೂನಾದಿಂದ ಕೊಹಾಲಾಕ್ಕೆ ಗಂಟೆಗಟ್ಟಲೆ ಹೋಗುವವರನ್ನು ನೆನೆಯಿರಿ. ಕೊನೆಯದಾಗಿ, ಪಟ್ಟಣದಲ್ಲಿರುವ ನಮ್ಮ ಮಗನಾಗಲಿ ಮಗಳಾಗಲಿ ಹತ್ತು ವರ್ಷದ ಮೇಲೆ ಊರಿಗೆ ಹಿಂತಿರುಗಲು ಮನಸ್ಸು ಮಾಡಿದರೆ, ಇಂದು ಮಾರಿದ ಎಕರೆಯಲ್ಲಿ ಕಾಲು ಎಕರೆಯನ್ನಾದರೂ ಅವರು ಕೊಳ್ಳಬಲ್ಲರೆ?

ಮಾರಲೇಬೇಕಾದ ಕಷ್ಟ ಯಾರಿಗೂ ಬರಬಹುದು. ಆಸ್ಪತ್ರೆಯ ಖರ್ಚು, ಮಗಳ ಮದುವೆ, ಹಳೆಯ ಸಾಲ, ಇವುಗಳ ಮುಂದೆ ಉಪದೇಶ ನಿಲ್ಲುವುದಿಲ್ಲ. ಅಂಥ ಸಂದರ್ಭದಲ್ಲಿ ಮಧ್ಯವರ್ತಿಯ ಮಾತಿಗೆ ಮುಂಚೆ ಸಂಘದ ಕಚೇರಿಗೆ ಬಂದು ಮಾತಾಡಬೇಕೆಂದು ಕೋರುತ್ತೇವೆ. ಬೆಳೆಯ ಮೇಲಿನ ಸಾಲದಿಂದಲೇ ತೀರುವ ಕಷ್ಟಕ್ಕೆ ನೆಲ ಕೊಟ್ಟವರನ್ನು ನಾವು ಕಂಡಿದ್ದೇವೆ. ನೆರೆಯ ಸದಸ್ಯನೇ ಕೊಳ್ಳಲು ಸಿದ್ಧನಿದ್ದುದು ಗೊತ್ತಾಗದೆ ದೂರದವರಿಗೆ ಕೊಟ್ಟವರನ್ನೂ ಕಂಡಿದ್ದೇವೆ.

ಮುಂದಿನ ಬಾರಿ ಗೊಬ್ಬರಕ್ಕೆ ಬಂದಾಗ "ಎಕರೆಗೆ ಎಷ್ಟು ನಡೆಯುತ್ತಿದೆ" ಎಂದು ಸದಸ್ಯರು ಅಗತ್ಯವಾಗಿ ಕೇಳಲಿ. ನಮಗೆ ತಿಳಿದಷ್ಟು ಹೇಳುತ್ತೇವೆ. ಆ ನೆಲ ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂಬುದನ್ನು ಅವರು ನಮಗೆ ಹೇಳಲಿ. ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡೋಣ.